ಆರನೆಯ ದೀಪ

ಮುನ್ನೂರೈವತ್ತಕ್ಕೆ ತಂದಿದ್ದೆ ಮೊದಲ ಕ್ರಿಂಪರು.
ನೀಲಿ ಹಿಡಿ, ಹೊಸ ಚಪ್ಪಲಿಯ ವಾಸನೆ.
ಗಂಗುಲಪ್ಪ ಅದನ್ನು ಕೈಯಲ್ಲಿ ಒಮ್ಮೆ ತೂಗಿ,
ಬಾಯಿ ಮುಚ್ಚಿಸಿ, ಬೆಳಕಿಗೆ ಹಿಡಿದು,
ಸಂದಿಯಲ್ಲಿ ಒಂದು ಕಣ್ಣಿಟ್ಟು,
ಏನೂ ಅನ್ನದೆ ವಾಪಸು ಕೊಟ್ಟ.
ಅವನು ಏನೂ ಅನ್ನದಿದ್ದರೆ ಅಂದ ಹಾಗೇ
ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಬೆಳಗಿನ ಹರಾಜು.
ಬಿಳಿ ಗೂಡಿನ ರಾಶಿ, ಹಳದಿ ಗೂಡಿನ ರಾಶಿ,
ಮೂಗಿಗೆ ಅಂಟಿದರೆ ಮಧ್ಯಾಹ್ನದವರೆಗೂ ಬಿಡದ ಹುಳದ ಕಮಟು.
ರೀಲರುಗಳ ಕಣ್ಣು ಫೋನಿನ ಮೇಲೆ,
ಬೆಳೆದವರ ಕಣ್ಣು ಗೋಡೆಯ ಪರದೆಯ ಮೇಲೆ,
ನನ್ನ ಕಣ್ಣು ಮೂಲೆಯ ಪೆಟ್ಟಿಗೆಯ ಹಸಿರು ಮಿಣುಕಿನ ಮೇಲೆ.
ಲಾಟು ನೂರ ಹದಿನೇಳು, ಮಳ್ಳೂರಿನ ಒಬ್ಬ ಹೆಂಗಸಿನದು,
ನಾನೂರ ಹನ್ನೆರಡಕ್ಕೆ ಏರಿದ್ದೇ
ಪರದೆ ಕಲ್ಲಾಯಿತು.

"ಏಯ್, ಕೇಬಲ್ಲೂ!" ಅಂದರು.
ಅಲ್ಲಿ ನನಗೆ ಬೇರೆ ಹೆಸರಿಲ್ಲ.

ಏಣಿ. ಧೂಳು. ಮೊದಲು ಇಲಿಯನ್ನು ಬೈದೆ.
ಆಮೇಲೆ ಟೆಸ್ಟರಿನ ಎರಡು ಹೋಳು ಎರಡು ತುದಿಗೆ:
ಒಂದು, ಎರಡು, ಮೂರು, ನಾಲ್ಕು, ಐದು,

ಏಳು, ಎಂಟು.
ಮತ್ತೆ ಒಂದರಿಂದ. ಮತ್ತೆ ಐದರಾಚೆ ಕತ್ತಲು,
ಹಾಲುಹಲ್ಲು ಉದುರಿದ ಮಗು ನಕ್ಕ ಹಾಗೆ.

ಆರನೆಯದು ಹಸಿರು ತಂತಿ.
ಚಿನ್ನದ ಹಲ್ಲು ತಾಮ್ರವನ್ನು ಮುಟ್ಟಿತ್ತು, ಕಚ್ಚಿರಲಿಲ್ಲ.
ಕೂದಲಷ್ಟು ಓರೆ ನನ್ನ ಕ್ರಿಂಪರಿನ ದವಡೆ.
ಫ್ಯಾನು ತಿರುಗಿದರೆ ಬಿಟ್ಟು, ನಿಂತರೆ ಕೂಡಿ,
ಮೂರು ತಿಂಗಳು ಸಂಸಾರ ನಡೆಸಿತ್ತು.

ಗಂಗುಲಪ್ಪ ತನ್ನದನ್ನು ಎಸೆಯಲಿಲ್ಲ, ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದ.
ರಬ್ಬರು ಸವೆದು ಹಿಡಿಯ ಮೇಲೆ ಅವನ ಬೆರಳಿನ ಗುಂಡಿಗಳು.
ನನ್ನ ಬೆರಳು ಅದರಲ್ಲಿ ಕೂರಲಿಲ್ಲ, ಕಬ್ಬಿಣ ಮಾತ್ರ ಕೂತಿತು.
ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ,
ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು,
ಹೆಣೆದುಕೊಂಡದ್ದನ್ನು ಬಿಚ್ಚಿ, ನೀವಿ, ಒಂದೇ ಏಟಿಗೆ ಕತ್ತರಿಸಿ,
ಕೊನೆಯವರೆಗೂ ಒತ್ತಿದೆ.
ಅರ್ಧಕ್ಕೆ ಬಿಟ್ಟರೆ ಬಿಡದ ಹಠ ಅದರೊಳಗಿತ್ತು.
ಟಕ್.

ಮತ್ತೆ ಹರಾಜಾದಾಗ ಆ ಲಾಟು ನಾನೂರ ಐದಕ್ಕೇ ನಿಂತಿತು.
ಕಿಲೋಗೆ ಏಳು ರೂಪಾಯಿ, ಅರವತ್ತೆರಡು ಕಿಲೋ.
ಏಣಿಯ ಮೇಲೆಯೇ ಲೆಕ್ಕ ಹಾಕಿದೆ: ನಾನೂರ ಮೂವತ್ತನಾಲ್ಕು.
ನನ್ನ ಕ್ರಿಂಪರಿಗಿಂತ ಎಂಬತ್ತನಾಲ್ಕು ಜಾಸ್ತಿ.
ಆ ಹೆಂಗಸು ಯಾರನ್ನೂ ಬೈಯಲಿಲ್ಲ,
ಖಾಲಿ ಚೀಲಗಳನ್ನು ಒಂದರೊಳಗೊಂದು ಮಡಚಿಟ್ಟುಕೊಂಡು
ಬಸ್ಸಿಗೆ ಹೋದಳು.

ಎಸ್.ಪಿ. ರಸ್ತೆಯಲ್ಲಿ ಮುಂದಿನ ಭಾನುವಾರ
ಅಂಗಡಿಯವನು ಬಾಯಿ ತೆರೆಯುವ ಮುಂಚೆ
ಕ್ರಿಂಪರುಗಳ ಬಾಯಿ ಮುಚ್ಚಿಸಿ ಬೆಳಕಿಗೆ ಹಿಡಿದೆ.
"ಏನಮ್ಮಾ, ಮದುವೆಗೆ ಗಂಡು ನೋಡ್ತಿದ್ದೀಯಾ?" ಅಂದ.
ನಾಲ್ಕನೆಯದರಲ್ಲಿ ಬೆಳಕು ಎಲ್ಲೂ ನುಸುಳಲಿಲ್ಲ.
ಎರಡು ಸಾವಿರದ ಒಂಬೈನೂರು.
ಚೌಕಾಸಿ ಮಾಡಿದೆ, ಇನ್ನೂರು ಇಳಿಯಿತು,
ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಅಮ್ಮ ಇಪ್ಪತ್ತೆರಡು ವರ್ಷದಿಂದ ನೂಲು ಬಿಚ್ಚುವವಳು.
ಬಿಸಿನೀರಲ್ಲಿ ಬೆಂದು ಬೆಂದು ಅವಳ ಬೆರಳ ತುದಿಗೆ
ಟೀ ಲೋಟದ ಸುಡು ತಿಳಿಯುವುದಿಲ್ಲ,
ಕಣ್ಣಿಗೆ ಕಾಣದ ಎಳೆಯ ತುದಿ ಮಾತ್ರ ತಿಳಿಯುತ್ತದೆ.
ರಾತ್ರಿ ನಾನು ಕೇಬಲ್ಲಿನ ಹೊರಸಿಪ್ಪೆ ಸುಲಿಯುವುದನ್ನು ನೋಡುತ್ತಾ,
"ಒಳಗಿನದಕ್ಕೂ ಬ್ಲೇಡು ತಾಗ್ತಲ್ಲೇ" ಅಂದಳು.
ಇಲ್ಲ ಅಂದೆ. ದೀಪದ ಹತ್ತಿರ ಹಿಡಿದರೆ
ನೀಲಿಯ ಮೇಲೆ ಸಣ್ಣ ಗೀರು.
ಅಷ್ಟುದ್ದ ಕತ್ತರಿಸಿ ಬಿಸಾಡಿದೆ.

"ಎಷ್ಟಾಯ್ತು ಇದು?"
"ಆರ್ನೂರು."

ಒಂದು ಹಿಡಿ ಗೂಡು ತೂಗುವವಳ ಹಾಗೆ
ಅಂಗೈ ಮೇಲಿಟ್ಟು ಸ್ವಲ್ಪ ಏರಿಸಿದಳು, ಇಳಿಸಿದಳು.
"ಆರ್ನೂರಕ್ಕೆ ಇಷ್ಟು ಭಾರ ಯಾರೂ ಕೊಡಲ್ಲ" ಅಂದು,
ತಾನೂ ಒಂದು ಸಲ ಒತ್ತಿ, ಟಕ್ ಅನ್ನುವವರೆಗೂ ಒತ್ತಿ,
ಸೆರಗಿನಿಂದ ಹಿಡಿ ಒರೆಸಿ ವಾಪಸು ಕೊಟ್ಟಳು.
"ಒಲೆ ಕಡೆ ಇಡಬೇಡ. ಹಬೆ ತಾಗುತ್ತೆ."